ಟಂಕಸ್ವಾಮ್ಯವೂ ರಾಜ್ಯಸ್ವಾಮ್ಯವೂ: ಮುನಿರಾಬಾದಿನ ನಿಕಷದಲ್ಲಿ ಒಂದು ಪರೀಕ್ಷೆ

೧. ವಿಷಯನಿರ್ದೇಶ

ರಾಜ್ಯಕ್ಕೆ ಅಂಗಗಳು ಏಳೆಂದು ನೀತಿಶಾಸ್ತ್ರಕಾರರು ಗಣಿಸಿರುವರು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬಿವೇ ಆ ಏಳು. ಇವುಗಳಲ್ಲಿ ಕೋಶವು ಐದನೆಯದಾಗಿ ಎಣಿಸಲ್ಪಟ್ಟಿದ್ದರೂ ಉಳಿದ ಅಂಗಗಳ ಪ್ರವೃತ್ತಿಯೆಲ್ಲವೂ ಅದನ್ನೇ ಅವಲಂಬಿಸಿರುವುದೆಂಬ ವಿಷಯದಲ್ಲಿ ಕೌಟಿಲ್ಯನಿಗೂ ಸಂದೇಹವಿರಲಿಲ್ಲ, ಕ್ರಿ. ಶ. ೧೧೨೯ರ ಸುಮಾರಿನಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನಿಗೂ ಇರಲಿಲ್ಲ.

ಇದನ್ನಾಧರಿಸಿ ವಿದ್ವಜ್ಜನರಲ್ಲಿ ಎರಡು ಮತಗಳು ಬಳಕೆಗೆ ಬಂದಿವೆ. ಯಾವನ ಮುದ್ರೆಯು ನಾಣ್ಯದ ಮೇಲಿರುವುದೋ ಅವನೇ ಸ್ವತಂತ್ರ ಪ್ರಭುವೆಂಬುದು ಮೊದಲನೆಯ ಮತ. ಇದಕ್ಕೆ ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕವನ್ನು ಉದಾಹರಿಸುವುದು ವಾಡಿಕೆ. ಯಾವನ ನೆಲದಲ್ಲಿ ಗಣಿಯಿರುವುದೋ ಅವನಲ್ಲಿಯೇ ಐಶ್ವರ್ಯವೂ ಅದರ ಮೂಲಕ ಪ್ರಭುತ್ವವೂ ನೆಲೆಸುವುವೆಂಬುದು ಎರಡನೆಯ ಮತ. ಇದಕ್ಕೆ ಇಂದಿನ ಕಾಲದಲ್ಲಿ ಕಲ್ಲೆಣ್ಣೆಯ ಒಡೆತನವುಳ್ಳ ಕೊಲ್ಲಿಯ ದೇಶಗಳನ್ನು ತೋರಿಸುತ್ತಾರೆ. ಈ ಎರಡು ಮತಗಳೂ ಪಾಠಶಾಲೆಗಳಲ್ಲಿ ಸಿದ್ಧಾಂತಗಳೆಂಬಂತೆ ಬೋಧಿಸಲ್ಪಡುತ್ತಿವೆ. ಇವು ಪರೀಕ್ಷೆಯಲ್ಲಿ ನಿಲ್ಲುವುವೋ ಇಲ್ಲವೋ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಪರೀಕ್ಷೆಗೆ ಒಂದು ನಿಕಷವು ಬೇಕಷ್ಟೆ. ಕೊಪ್ಪಳ ಜಿಲ್ಲೆಯ ಮುನಿರಾಬಾದು ಅಂತಹ ಸ್ಥಳವಾಗಿದೆ. ಇದು ತುಂಗಭದ್ರೆಯ ಎಡದಡದಲ್ಲಿ, ಹೊಸಪೇಟೆಗೆ ಎದುರಾಗಿ ಇರುವ ಊರು. ೧೮೦೦ರ ಒಡಂಬಡಿಕೆಯಿಂದ ಬಳ್ಳಾರಿ ಮೊದಲಾದ ದತ್ತಮಂಡಲಗಳು ನಿಜಾಮನ ಕೈಬಿಟ್ಟು ಇಂಗ್ಲಿಷ್ ಕಂಪೆನಿಗೆ ಸೇರಿದ ಮೇಲೆ ಇಲ್ಲಿ ಹರಿಯುವ ನದಿಯೇ ಎರಡು ರಾಜ್ಯಗಳ ಎಲ್ಲೆಯಾಯಿತು. ಆ ಮಂಡಲಗಳನ್ನು ಬಿಟ್ಟುಕೊಟ್ಟುದಾದರೂ ಏಕೆ? ಕಂಪೆನಿಯ ಸೈನ್ಯವನ್ನು ತನ್ನ ರಕ್ಷಣೆಗೆಂದು ಇಟ್ಟುಕೊಂಡುದರ ವೆಚ್ಚಕ್ಕಾಗಿ. ಎಂದರೆ, ಮುನಿರಾಬಾದಿನ ಮುಂದಿನ ಎಲ್ಲೆಯೇ ಒಂದು ಹಣದ ಲೆಕ್ಕದಿಂದ ಹುಟ್ಟಿದುದು. ಪ್ರಭುತ್ವವೂ ನಾಣ್ಯವೂ ಒಂದನ್ನೊಂದು ಹೇಗೆ ಹಿಡಿದಿರುವುವೆಂಬುದನ್ನು ನೋಡಲು ಇದಕ್ಕಿಂತ ತಕ್ಕ ಸ್ಥಳವು ಕನ್ನಡನಾಡಿನಲ್ಲಿ ವಿರಳ.

೨. ಶಾಸ್ತ್ರದಲ್ಲಿಯ ವಿಭಾಗ

ಮೊದಲು ಶಾಸ್ತ್ರವನ್ನು ನೋಡೋಣ. ಅರ್ಥಶಾಸ್ತ್ರದ ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದಲ್ಲಿ ಟಂಕಸಾಲೆಯ ವಿಚಾರವು ಬರುತ್ತದೆ. ನಾಣ್ಯವನ್ನು ಮಾಡಿಸುವವನು ಲಕ್ಷಣಾಧ್ಯಕ್ಷ. ಮಾಡಿದ ನಾಣ್ಯವನ್ನು ಪರೀಕ್ಷಿಸಿ ಅದರ ವ್ಯವಸ್ಥೆಯನ್ನು ನಿಲ್ಲಿಸುವವನು ರೂಪದರ್ಶಕ. ನಾಣ್ಯಕ್ಕೆ ಸಂಬಂಧಿಸಿ ಅರಸನಿಗೆ ಸಲ್ಲಬೇಕಾದ ರೂಪಿಕ, ವ್ಯಾಜಿ, ಪಾರೀಕ್ಷಿಕ ಎಂಬ ಸಲುವಳಿಗಳನ್ನು ನೂರಕ್ಕೆ ೮, ೫, ಎಂಟನೆಯ ಒಂದು ಪಾಲು ಎಂದು ಕ್ರಮವಾಗಿ ಗೊತ್ತುಮಾಡಿದೆ. ಟಂಕಸ್ವಾಮ್ಯವು ಕೇವಲ ಗೌರವದ ಮಾತಲ್ಲ, ಆದಾಯದ ಮಾತೂ ಹೌದೆಂಬುದು ಇದರಿಂದ ಸ್ಪಷ್ಟ.

ಆದರೆ ಈ ಪ್ರಕರಣದಲ್ಲಿ ಇದಕ್ಕಿಂತಲೂ ಮುಖ್ಯವಾದ ಒಂದು ಸೂಕ್ಷ್ಮವಿದೆ. ರೂಪದರ್ಶಕನು ನಾಣ್ಯವನ್ನು ಎರಡು ಬಗೆಯಾಗಿ ವ್ಯವಸ್ಥೆಗೊಳಿಸಬೇಕು: ವ್ಯಾವಹಾರಿಕವೆಂದೂ ಕೋಶಪ್ರವೇಶ್ಯವೆಂದೂ. ಸಂತೆಯಲ್ಲಿ ಕೈಯಿಂದ ಕೈಗೆ ನಡೆಯತಕ್ಕದ್ದು ಮೊದಲನೆಯದು. ಅರಸನ ಬೊಕ್ಕಸವು ಅಂಗೀಕರಿಸತಕ್ಕದ್ದು ಎರಡನೆಯದು. ಇದನ್ನು ಕೇವಲ ಲೋಹಶುದ್ಧಿಯ ಮಾತಾಗಿ ಅರ್ಥಮಾಡುವುದುಂಟು. ಅಷ್ಟಕ್ಕೇ ನಿಲ್ಲಿಸಿದರೆ ಶಾಸ್ತ್ರಕ್ಕೆ ಅನ್ಯಾಯವಾದೀತು. ನಡೆಯುವ ನಾಣ್ಯವೆಲ್ಲ ಕೊನೆಯ ಬಾಗಿಲಲ್ಲಿ ನಡೆಯಲಾರದು ಎಂಬ ತತ್ತ್ವವು ಈ ವಿಭಾಗದಲ್ಲಿ ಅಡಗಿದೆ.

ಶಾಸ್ತ್ರದ ನ್ಯೂನತೆಯೂ ಇಲ್ಲಿಯೇ ಇದೆ. ಸಂತೆಯೂ ಬೊಕ್ಕಸವೂ ಒಬ್ಬನೇ ಅರಸನ ಎಲ್ಲೆಯೊಳಗೆ ಇರುವುವೆಂದು ಕೌಟಿಲ್ಯನು ಭಾವಿಸಿಕೊಂಡಿದ್ದಾನೆ. ಕೊನೆಯ ಬೊಕ್ಕಸದ ಬಾಗಿಲು ಹೊರಗಿನವನ ಕೈಯಲ್ಲಿದ್ದರೆ ಒಳಗಿನವನ ಪ್ರಭುತ್ವದ ಗತಿಯೇನು ಎಂಬ ಪ್ರಶ್ನೆಯನ್ನು ಅವನು ಎತ್ತಿಲ್ಲ. ಆ ಪ್ರಶ್ನೆಯನ್ನೆತ್ತಿದುದು ಇತಿಹಾಸ.

೩. ಮುದ್ರಾಲಕ್ಷಣದ ದೋಷಗಳು

'ಮುದ್ರೆಯುಳ್ಳವನು ಪ್ರಭು' ಎಂಬುದನ್ನು ಲಕ್ಷಣವೆಂದು ಹಿಡಿದರೆ ಅದಕ್ಕೆ ಅವ್ಯಾಪ್ತಿಯೂ ಅತಿವ್ಯಾಪ್ತಿಯೂ ಎರಡೂ ದೋಷಗಳು ತಗಲುತ್ತವೆ. ಇದನ್ನು ತೋರಿಸಲು ನಿಜಾಮನ ನಾಣ್ಯವೇ ಸಾಕು.

ಮೊದಲನೆಯ ನಿಜಾಮನು ೧೭೨೪ರಲ್ಲಿ ದಕ್ಷಿಣದಲ್ಲಿ ತನ್ನ ಅಧಿಕಾರವನ್ನು ನೆಲೆಗೊಳಿಸಿದ ಮೇಲೆ ದಿಲ್ಲಿಯ ಬಾದಶಹನ ಅಪ್ಪಣೆಯು ಇಲ್ಲಿ ನಡೆದುದು ಹೆಸರಿಗೆ ಮಾತ್ರ. ಯುದ್ಧವನ್ನೂ ಸಂಧಿಯನ್ನೂ ಅವನೂ ಅವನ ವಂಶದವರೂ ತಮ್ಮ ಇಚ್ಛೆಯಿಂದಲೇ ಮಾಡುತ್ತಿದ್ದರು. ಆದರೂ ನಾಣ್ಯವು ಮಾತ್ರ ಮೊಗಲ್ ಬಾದಶಹನ ಹೆಸರಿನಲ್ಲಿಯೇ ಮುದ್ರಿತವಾಗುತ್ತಿದ್ದಿತು. ಇಲ್ಲಿ ಪ್ರಭುತ್ವವಿದ್ದು ಮುದ್ರೆಯಿಲ್ಲ, ಇದು ಅವ್ಯಾಪ್ತಿ.

ಮುಂದೆ, ೧೮೫೩ರಲ್ಲಿ, ಕಂಪೆನಿಯ ಸೈನ್ಯದ ಬಾಕಿಯ ಸಲುವಾಗಿ ವಿರಾಟ ಪ್ರಾಂತವನ್ನೂ ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬವನ್ನೂ ಇಂಗ್ಲಿಷರ ವಶಕ್ಕೆ ಕೊಡಬೇಕಾಯಿತು. ದೋಆಬವು ಹಿಂದಿರುಗಿ ಬಂದುದು ೧೮೬೦ರ ಒಡಂಬಡಿಕೆಯಲ್ಲಿ. ಆಗ ಸುಮಾರು ೫೦ ಲಕ್ಷ ರೂಪಾಯಿನ ಸಾಲವನ್ನೂ ಬಿಟ್ಟುಕೊಟ್ಟರು. ಈ ಎರಡು ವರ್ಷಗಳ ಮಧ್ಯೆ ದಿಲ್ಲಿಯ ಬಾದಶಹನು ಪದಚ್ಯುತನಾದನು. ೧೮೫೮ರ ವೇಳೆಗೆ ನಿಜಾಮನು ತನ್ನ ಹೆಸರಿನಲ್ಲಿಯೇ ನಾಣ್ಯವನ್ನು ಹೊಡೆಯಿಸಲು ತೊಡಗಿದನು. ವಾಚಕರು ಈ ಕಾಲಸಾಮ್ಯವನ್ನು ಗಮನಿಸಬೇಕು. ನಾಣ್ಯದ ಮೇಲೆ ಸ್ವಂತ ಹೆಸರು ಬಂದಾಗ ಈ ದೋಆಬದ ನೆಲವು ಸಾಲಕ್ಕೆ ಒತ್ತೆಬಿದ್ದಿದ್ದಿತು. ಇಲ್ಲಿ ಮುದ್ರೆಯಿದ್ದು ಪ್ರಭುತ್ವವಿಲ್ಲ, ಇದು ಅತಿವ್ಯಾಪ್ತಿ.

ಇದು ನಿಜಾಮನೊಬ್ಬನ ವಿಷಯವಲ್ಲ. ಮುನಿರಾಬಾದಿನಿಂದ ಹೊಳೆಯ ಕೆಳಗಡೆಗೆ ಅದೇ ದಡದಲ್ಲಿರುವ ಆನೆಗೊಂದಿಯನ್ನೂ ಎದುರು ದಡದ ಹಂಪೆಯನ್ನೂ ನೆನೆಯಬಹುದು. ವಿಜಯನಗರದ ಪಟ್ಟಣವು ೧೫೬೫ರಲ್ಲಿ ಹಾಳಾಯಿತು. ಆದರೆ ಅದರ ವರಾಹದ ಮಾದರಿಯು ಅಳಿಯಲಿಲ್ಲ. ಇಂಗ್ಲಿಷ್ ಕಂಪೆನಿಯವರೇ ಅದನ್ನನುಸರಿಸಿ ಚೆನ್ನಪಟ್ಟಣದಲ್ಲಿ ನಾಣ್ಯವನ್ನು ಮಾಡಿಸಿದರು. ಮೈಸೂರಿನ ಹೈದರಾಲಿಯು ಶಿವಪಾರ್ವತಿಯರ ರೂಪವನ್ನು ವರಾಹದ ಒಂದು ಮುಖದಲ್ಲಿ ಹಾಗೆಯೇ ಉಳಿಸಿಕೊಂಡು ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಒಂದಕ್ಷರವನ್ನು ಮಾತ್ರ ಹಾಕಿಸಿದನು. ಇನ್ನೂ ಹಿಂದೆ ಹೋದರೆ, ಗದಗಿನ ಬಳಿಯ ಲಕ್ಕುಂಡಿಯ ಟಂಕಸಾಲೆಯಲ್ಲಿ ಹುಟ್ಟಿದ ಹೊನ್ನು ಶಾಸನಗಳಲ್ಲಿ ಲೊಕ್ಕಿಗದ್ಯಾಣವೆಂದು ಊರಿನ ಹೆಸರಿನಿಂದ ಪ್ರಸಿದ್ಧವಾಗಿದೆ, ಅರಸನ ಹೆಸರಿನಿಂದಲ್ಲ. ಜನರು ನಂಬಿದುದು ತೂಕವನ್ನೂ ಬಣ್ಣವನ್ನೂ. ಮುದ್ರೆಯು ಆ ನಂಬಿಕೆಗೆ ಗುರುತು ಮಾತ್ರವಾಗಿದ್ದಿತು.

೪. ಹಾಲಿಯೂ ಕಲದಾರವೂ

ಮುನಿರಾಬಾದಿನ ದಡದಲ್ಲಿ ಹಾಲಿ, ಹೊಸಪೇಟೆಯ ದಡದಲ್ಲಿ ಕಲದಾರ. ಸುಮಾರು ಒಂದು ಶತಮಾನದ ಕಾಲ ಇದೇ ಸ್ಥಿತಿಯಿದ್ದಿತು. ಈ ಶಬ್ದಗಳೇ ಅರ್ಥವತ್ತಾಗಿವೆ. ಸಿಕ್ಕವೆಂಬುದು ಅಚ್ಚೊತ್ತುವ ಮೊಳೆಗೆ ಅರಬ್ಬಿಯಲ್ಲಿರುವ ಹೆಸರಿನಿಂದ ಬಂದುದು. ಹಾಲಿಯೆಂದರೆ ಸದ್ಯದಲ್ಲಿ ನಡೆಯುವುದು. ಕಲದಾರವೆಂದರೆ ಕಲಿನಿಂದ, ಎಂದರೆ ಯಂತ್ರದಿಂದ, ಆದುದು; ಇಂಗ್ಲಿಷರ ರೂಪಾಯಿಗೆ ಜನರಿಟ್ಟ ಹೆಸರು. ಒಂದು ನಾಣ್ಯಕ್ಕೆ ಕಾಲದಿಂದಲೂ ಇನ್ನೊಂದಕ್ಕೆ ಯಂತ್ರದಿಂದಲೂ ಹೆಸರು ಬಂದಿತು. ಎರಡರಲ್ಲಿಯೂ ಅರಸನ ಹೆಸರನ್ನು ಜನರು ಸೇರಿಸಲಿಲ್ಲ.

ಕೊಪ್ಪಳ, ಯಲಬುರ್ಗಿಗಳು ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಅಲ್ಲಿಯ ರೈತನಿಗೆ ಮೇಲೆ ಜಹಗೀರುದಾರ, ಅವನ ಮೇಲೆ ನಿಜಾಮ, ನಿಜಾಮನ ಮೇಲೆ ಇಂಗ್ಲಿಷ್ ಚಕ್ರಾಧಿಪತ್ಯ ಎಂದು ಮೂರು ಮೆಟ್ಟಿಲುಗಳ ಪ್ರಭುತ್ವವಿದ್ದಿತು. ನಾಣ್ಯದ ಮೇಲೆ ಕಾಣುತ್ತಿದ್ದುದು ನಡುವಣ ಮೆಟ್ಟಿಲೊಂದೇ. ಈ ಸೀಮೆಯ ಪೂರ್ವದಕ್ಷಿಣಗಳಲ್ಲಿ ಮದರಾಸು ಆಧಿಪತ್ಯದ ಬಳ್ಳಾರಿ, ಪಶ್ಚಿಮದಲ್ಲಿ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ಹೊಸಪೇಟೆಯಿಂದ ಮುನಿರಾಬಾದು, ಕೊಪ್ಪಳಗಳ ಮೂಲಕ ಗದಗಿಗೆ ಹೋಗುವ ರೈಲುಹಾದಿಯು ಕಲದಾರದ ಸೀಮೆಯಲ್ಲಿ ಹೊರಟು, ಹಾಲಿಯ ಸೀಮೆಯನ್ನು ದಾಟಿ, ಮತ್ತೆ ಕಲದಾರದ ಸೀಮೆಯನ್ನೇ ಸೇರುತ್ತಿದ್ದಿತು. ಎಲ್ಲೆಯಲ್ಲಿ ಕರೋಡಗಿರಿಯ ನಾಕೆ, ಪೇಟೆಯಲ್ಲಿ ವಟ್ಟವನ್ನು ಹಿಡಿದು ನಾಣ್ಯ ಬದಲಾಯಿಸಿಕೊಡುವ ಸರಾಫ. ಹತ್ತಿಯನ್ನೋ ಶೇಂಗಾವನ್ನೋ ಎಲ್ಲೆಯಾಚೆಯ ಪೇಟೆಗೆ ಮಾರಿದವನಿಗೆ ಕೈಗೆ ಬರುತ್ತಿದ್ದುದು ಕಲದಾರ. ಅವನು ಕಂದಾಯವನ್ನು ಕೊಡಬೇಕಾಗಿದ್ದುದು ಹಾಲಿಯಲ್ಲಿ. ವ್ಯಾವಹಾರಿಕ, ಕೋಶಪ್ರವೇಶ್ಯಗಳೆಂಬ ಶಾಸ್ತ್ರದ ವಿಭಾಗವು ಇಲ್ಲಿ ನಿತ್ಯಜೀವನದ ಮಾತಾಗಿದ್ದಿತು.

ಹೈದರಾಬಾದು ಸರ್ಕಾರವು ೧೯೧೮ರಲ್ಲಿ ಸ್ವಂತ ಕಾಗದದ ನೋಟುಗಳನ್ನೂ ಹೊರಡಿಸಿತು. ೧೯೪೨ರಲ್ಲಿ ಅದರ ಸ್ವಂತ ಬ್ಯಾಂಕು ಕೆಲಸಕ್ಕೆ ತೊಡಗಿತು. ಟಂಕಸಾಲೆ, ನೋಟು, ಬ್ಯಾಂಕು, ಅಂಚೆ, ಸುಂಕ ಎಲ್ಲವೂ ಇದ್ದವು. ಪ್ರಭುತ್ವದ ಬಾಹ್ಯಲಕ್ಷಣಗಳಲ್ಲಿ ಕೊರತೆಯೇನೂ ಕಾಣುತ್ತಿರಲಿಲ್ಲ. ಆದರೆ ಹಾಲಿಯ ಬೆಲೆಯನ್ನು ಹೇಳುತ್ತಿದ್ದುದು ಹೇಗೆ? ಏಳು ಹಾಲಿ ರೂಪಾಯಿಗೆ ಆರು ಕಲದಾರವೆಂದು. ಸಂಸ್ಥಾನದ ಮಿಗುತೆಯ ಹಣದ ದೊಡ್ಡ ಪಾಲು ಭಾರತ ಸರ್ಕಾರದ ಸಾಲಪತ್ರಗಳಲ್ಲಿದ್ದಿತು. ಯಂತ್ರ, ಔಷಧ, ಪೆಟ್ರೋಲು, ಸೀಮೆಎಣ್ಣೆಗಳು ಹೊರಗಿನಿಂದಲೇ ಬರಬೇಕಾಗಿದ್ದವು. ಸಮುದ್ರತೀರವಿಲ್ಲದ ರಾಜ್ಯಕ್ಕೆ ಅವು ಬರುವ ದಾರಿಯು ಕಲದಾರದ ನೆಲವೊಂದೇ. ಸಂಸ್ಥಾನವು ತನ್ನ ನಾಣ್ಯವನ್ನು ತಾನೇ ಅಚ್ಚುಹಾಕಿಕೊಂಡಿತು; ಆ ನಾಣ್ಯದ ಅಳತೆಗೋಲು ಮಾತ್ರ ಹೊಳೆಯಾಚೆಗಿದ್ದಿತು.

ಇದರ ಪರೀಕ್ಷೆಯು ೧೯೪೭-೪೮ರಲ್ಲಿ ಬಂದಿತು. ೧೯೪೭ರ ನವೆಂಬರು ೨೯ರಂದು ಭಾರತದೊಡನೆ ಯಥಾಸ್ಥಿತಿಯ ಒಡಂಬಡಿಕೆಯಾಯಿತು. ಅದರ ಬೆನ್ನಿಗೇ ಹೈದರಾಬಾದು ಸರ್ಕಾರವು ಭಾರತದ ನಾಣ್ಯವು ಸಂಸ್ಥಾನದಲ್ಲಿ ಸಲ್ಲತಕ್ಕದ್ದಲ್ಲವೆಂದು ಆಜ್ಞೆಯನ್ನು ಹೊರಡಿಸಿತು. ಚಿನ್ನ ಬೆಳ್ಳಿಗಳು ಭಾರತಕ್ಕೆ ಹೋಗದಂತೆ ಕಟ್ಟುಮಾಡಿತು. ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿ ಸಾಲ ಕೊಟ್ಟಿತು. ಇವು ಮೂರೂ ಸ್ವತಂತ್ರ ಪ್ರಭುತ್ವವನ್ನು ಸಾರುವ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂರನೆಯದನ್ನು ಬಿಡಿಸಿ ನೋಡಿದರೆ ಒಳಗಿನ ಟೊಳ್ಳು ತಿಳಿಯುತ್ತದೆ. ಆ ಸಾಲವನ್ನು ಕೊಟ್ಟುದು ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿ. ಅವನ್ನು ನಗದುಮಾಡಬೇಕಾದರೆ ಭಾರತದ ಬೊಕ್ಕಸದ ಬಾಗಿಲನ್ನೇ ತಟ್ಟಬೇಕು. ಭಾರತಕ್ಕೆ ವಿರೋಧವಾಗಿ ತೋರಿಸಿದ ಸ್ವಾತಂತ್ರ್ಯವೂ ಭಾರತದ ಕಾಗದದ ಮೇಲೆಯೇ ಬರೆಯಲ್ಪಟ್ಟಿದ್ದಿತು.

೧೯೪೮ರಲ್ಲಿ ಸಾಮಗ್ರಿಗಳು ಬರುವುದು ನಿಂತಿತೆಂದು ಹೈದರಾಬಾದು ದೂರಿಟ್ಟಿತು. ಆಗಸ್ಟು ೨೧ರಂದು ವಿಶ್ವರಾಷ್ಟ್ರ ಸಂಸ್ಥೆಯ ಭದ್ರತಾ ಸಮಿತಿಗೆ ಅಹವಾಲನ್ನು ಕಳುಹಿಸಿತು. ಸೆಪ್ಟಂಬರು ೧೩ರಿಂದ ೧೭ರವರೆಗಿನ ಐದು ದಿವಸಗಳಲ್ಲಿ ಸೈನಿಕ ಕಾರ್ಯವು ಮುಗಿಯಿತು. ಇಲ್ಲಿ ದಂಡದ ಬಲವೇ ತೀರ್ಮಾನಕಾರಿಯಾಯಿತೆಂಬುದು ನಿಜ. ಆದರೆ ಕೋಶವು ಅದಕ್ಕೆ ಮೊದಲೇ ಪರಾಧೀನವಾಗಿದ್ದಿತು. ಆ ತಿಂಗಳ ೨೦ರಂದು ಲಂಡನ್ನಿನ ಬ್ಯಾಂಕೊಂದರಲ್ಲಿದ್ದ ಸಂಸ್ಥಾನದ ೧೦,೦೭,೯೪೦ ಪೌಂಡು ೯ ಶಿಲ್ಲಿಂಗುಗಳು ಅಲ್ಲಿಯ ಪಾಕಿಸ್ತಾನದ ಹೈಕಮಿಷನರ ಲೆಕ್ಕಕ್ಕೆ ವರ್ಗಾಯಿಸಲ್ಪಟ್ಟವು. ಆ ಹಣ ಯಾರದೆಂಬುದು ೨೦೧೯ರ ಅಕ್ಟೋಬರು ೨ರವರೆಗೆ ತೀರ್ಮಾನವಾಗಲಿಲ್ಲ. ಅಂದು ಇಂಗ್ಲೆಂಡಿನ ನ್ಯಾಯಾಲಯವು ಭಾರತದ ಮತ್ತು ನಿಜಾಮನ ವಾರಸುದಾರರ ಪರವಾಗಿ ತೀರ್ಪು ಕೊಟ್ಟಾಗ ಮೊತ್ತವು ಸುಮಾರು ೩೫೦ ಲಕ್ಷ ಪೌಂಡುಗಳಾಗಿ ಬೆಳೆದಿದ್ದಿತು. ಚಾರ್‌ಮಿನಾರಿನ ಚಿತ್ರವುಳ್ಳ ನಾಣ್ಯವನ್ನು ಹೊಡೆದ ಸರ್ಕಾರದ ಕಡೆಯ ಹಣವು ಇನ್ನೊಬ್ಬರ ನಾಣ್ಯದಲ್ಲಿ, ಇನ್ನೊಬ್ಬರ ಬ್ಯಾಂಕಿನಲ್ಲಿ, ಇನ್ನೊಬ್ಬರ ನ್ಯಾಯಾಸನದ ಮುಂದೆ ೭೧ ವರ್ಷ ಕಾದುಕೊಂಡಿದ್ದಿತು. ಹಾಲಿಯಾದರೋ ೧೯೫೦ರ ಬಳಿಕ ಕ್ರಮವಾಗಿ ಚಲಾವಣೆಯಿಂದ ಹೊರಬಿದ್ದಿತು.

೫. ಗಣಿಲಕ್ಷಣದ ದೋಷಗಳು

ಇನ್ನು ಎರಡನೆಯ ಮತ. ಕೋಶದ ಮೂಲವು ಗಣಿಯೆಂದು ಕೌಟಿಲ್ಯನೂ ಒಪ್ಪುತ್ತಾನೆ. ಆದರೆ ಗಣಿಯು ನೆಲದಲ್ಲಿರುವುದು ಬೇರೆ, ಕೋಶದಲ್ಲಿರುವುದು ಬೇರೆ.

ಮೈಸೂರಿನ ಉದಾಹರಣೆಯು ಇಲ್ಲಿಗೆ ತಕ್ಕುದು. ಮೈಸೂರಿನ ಟಂಕಸಾಲೆಯು ೧೮೪೩ರಲ್ಲಿ ಮುಚ್ಚಿತು. ೧೮೮೧ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಕ್ಕೆ ಕೊಟ್ಟ ಪತ್ರದಲ್ಲಿ, ಬಹುಕಾಲದಿಂದ ನಿಂತುಹೋದ ಸ್ವಂತ ನಾಣ್ಯವನ್ನು ಪುನಃ ಆರಂಭಿಸಕೂಡದೆಂದು ಷರತ್ತು ಹಾಕಿದರು. ಆ ವೇಳೆಗೇ ಕೋಲಾರದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಸಂಸ್ಥೆಯವರು ಚಿನ್ನದ ಗಣಿಯ ಕೆಲಸಕ್ಕೆ ತೊಡಗಿದ್ದರು. ಚಿನ್ನವು ಮೈಸೂರಿನ ನೆಲದ್ದು. ಬಂಡವಾಳವೂ ಲಾಭವೂ ಸೀಮೆಯವರದು. ರಾಜ್ಯಕ್ಕೆ ಬಂದುದು ರಾಜಧನವೆಂಬ ಪಾಲು. ಆ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದುದು ೧೯೫೬ರಲ್ಲಿ; ೨೦೦೧ರಲ್ಲಿ ಅವು ಮುಚ್ಚಿದವು. ಹೊನ್ನಿನ ಗಣಿಯಿದ್ದೂ ಹೊನ್ನಿನ ನಾಣ್ಯವಿಲ್ಲದ ರಾಜ್ಯ ಮೈಸೂರು. ಸ್ವಂತ ನಾಣ್ಯವಿದ್ದೂ ಅದರ ಅಳತೆಗೋಲಿಲ್ಲದ ರಾಜ್ಯ ಹೈದರಾಬಾದು.

ಕೋಲಾರದ ಕಥೆಯೇ ಕಲ್ಲೆಣ್ಣೆಯ ಕಥೆಯೂ ಆಗಿದೆ. ಎಣ್ಣೆಯೆಂಬ ಶಬ್ದವು ಎಳ್ಳು, ನೆಯ್ ಎಂಬೆರಡರ ಸೇರಿಕೆ. ತೈಲವೂ ತಿಲದಿಂದಲೇ ಆದುದು. ಚಾಲುಕ್ಯರ ಕಾಲದ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣಗಳಿಂದ ಇಷ್ಟಿಷ್ಟು ಎಣ್ಣೆ ಸಲ್ಲತಕ್ಕದ್ದೆಂಬ ದತ್ತಿಗಳು ಮೇಲಿಂದ ಮೇಲೆ ಬರುತ್ತವೆ. ಎಳ್ಳು ಬೆಳೆದ ಹೊಲ, ಅರೆದ ಗಾಣ, ಉರಿದ ದೀಪ, ಲೆಕ್ಕಕ್ಕೆ ಬೇಕಾದ ಗದ್ಯಾಣ, ಇವೆಲ್ಲ ಒಂದೇ ನಾಡಿನವು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಹೊಸ ಎಣ್ಣೆಗೆ ಜನರು ಸೀಮೆಎಣ್ಣೆಯೆಂದು ಹೆಸರಿಟ್ಟರು. ಪರಸೀಮೆಯಿಂದ ಬಂದುದೆಂಬ ಅರ್ಥವು ಆ ಹೆಸರಿನಲ್ಲಿಯೇ ಇದೆ. ದೀಪದ ಎಣ್ಣೆಯು ಪರಾಧೀನವಾಯಿತೆಂಬ ಸಂಗತಿಯನ್ನು ಅರ್ಥಶಾಸ್ತ್ರಜ್ಞರಿಗಿಂತ ಮೊದಲು ಕನ್ನಡ ನುಡಿಯೇ ದಾಖಲೆಮಾಡಿದೆ.

ಪಾರಸೀಕ ದೇಶದಲ್ಲಿ ೧೯೦೧ರ ಗುತ್ತಿಗೆಯಂತೆ ಎಣ್ಣೆಯನ್ನು ತೆಗೆಯುವ ಹಕ್ಕು ಇಂಗ್ಲಿಷನೊಬ್ಬನಿಗೆ ಹೋಯಿತು. ದೇಶಕ್ಕೆ ಗೊತ್ತಾದುದು ಲಾಭದಲ್ಲಿ ನೂರಕ್ಕೆ ೧೬. ಎಣ್ಣೆ ಸಿಕ್ಕಿದುದು ೧೯೦೮ರಲ್ಲಿ. ೧೯೫೧ರಲ್ಲಿ ಮೊಸದ್ದೆಕ್ ಪ್ರಧಾನಿಯು ಅದನ್ನು ರಾಷ್ಟ್ರದ ಸ್ವತ್ತಾಗಿ ಮಾಡಿದನು. ೧೯೫೩ರಲ್ಲಿ ಅವನು ಹೊರಗಿನವರ ಸಹಾಯದಿಂದ ಪದಚ್ಯುತನಾದನು. ಎಣ್ಣೆಯ ಒಡೆತನವೇ ಪ್ರಭುತ್ವವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಕೊಲ್ಲಿಯ ದಡದ ಸಂಸ್ಥಾನಗಳ ವಿಷಯ ಇನ್ನೂ ವಿಚಿತ್ರ. ಕುವೈತು, ಬಹರೈನು, ಕತಾರು ಮೊದಲಾದೆಡೆಗಳಲ್ಲಿ ಬಹುಕಾಲ ನಡೆಯುತ್ತಿದ್ದುದು ಭಾರತದ ರೂಪಾಯಿ. ಚಿನ್ನದ ಕಳ್ಳಸಾಗಣೆಯಿಂದ ವಿದೇಶಿ ಹಣವು ಸೋರಿಹೋಗುತ್ತಿದ್ದುದನ್ನು ತಡೆಯಲು ೧೯೫೯ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಆ ನಾಡುಗಳಿಗಾಗಿಯೇ ಬಣ್ಣ ಬದಲಿಸಿದ ಬೇರೆ ನೋಟುಗಳನ್ನು ಹೊರಡಿಸಿತು. ಕುವೈತು ೧೯೬೧ರಲ್ಲಿಯೂ ಬಹರೈನು ೧೯೬೫ರಲ್ಲಿಯೂ ಸ್ವಂತ ನಾಣ್ಯಕ್ಕೆ ಹೋದವು. ೧೯೬೬ರ ಜೂನು ೬ರಂದು ಭಾರತವು ಡಾಲರಿನ ಬೆಲೆಯನ್ನು ೪.೭೬ ರೂಪಾಯಿನಿಂದ ೭.೫೦ಕ್ಕೆ ಏರಿಸಿದಾಗ ಕೊಲ್ಲಿಯಲ್ಲಿದ್ದ ರೂಪಾಯಿನ ಬೆಲೆಯೂ ಅದರೊಡನೆ ಬಿದ್ದಿತು. ಉಳಿದವೂ ಬಳಿಕ ಒಂದೊಂದಾಗಿ ರೂಪಾಯಿಯನ್ನು ಬಿಟ್ಟವು. ಎಣ್ಣೆಯು ಅವರ ಮರಳಿನಡ���ಯಲ್ಲಿದ್ದರೂ ಕೈಯಲ್ಲಿಯ ಹಣದ ಬೆಲೆಯು ದಿಲ್ಲಿಯಲ್ಲಿ ನಿರ್ಧರಿಸಲ್ಪಟ್ಟಿತು. ಒಂದು ಕಾಲದಲ್ಲಿ ಮುನಿರಾಬಾದಿಗೆ ಹೊಸಪೇಟೆಯು ಏನಾಗಿದ್ದಿತೋ, ಕೊಲ್ಲಿಗೆ ಭಾರತವು ಅದಾಗಿದ್ದಿತು.

ಅಂತಹ ಸ್ಥಾನವು ಈಗ ಡಾಲರಿಗಿದೆ. ೧೯೪೪ರ ಬ್ರೆಟನ್ ವುಡ್ಸ್ ವ್ಯವಸ್ಥೆಯಲ್ಲಿ ಡಾಲರು ಚಿನ್ನಕ್ಕೂ ಇತರ ನಾಣ್ಯಗಳು ಡಾಲರಿಗೂ ಕಟ್ಟಲ್ಪಟ್ಟವು. ೧೯೭೧ರ ಆಗಸ್ಟು ೧೫ರಂದು ಡಾಲರಿಗೆ ಚಿನ್ನವನ್ನು ಕೊಡುವುದು ನಿಂತಿತು. ಆಗ ಡಾಲರಿನ ಮಹಿಮೆಯು ಮುಗಿಯಿತೆಂದು ತಿಳಿದವರುಂಟು, ಮುಗಿಯಲಿಲ್ಲ. ೧೯೭೩ರ ಕೊನೆಯಲ್ಲಿ ಎಣ್ಣೆಯ ಬೆಲೆಯು ಸುಮಾರು ನಾಲ್ಮಡಿಯಾಯಿತು; ಆ ಬೆಲೆಯನ್ನು ಎಣಿಸಿದುದು ಡಾಲರಿನಲ್ಲಿ. ಕೊಂಡವರೆಲ್ಲರೂ ಡಾಲರನ್ನು ಸಂಪಾದಿಸಬೇಕಾಯಿತು. ಮಾರಿದವರು ಬಂದ ಡಾಲರಿನ ದೊಡ್ಡ ಪಾಲನ್ನು ಅಮೆರಿಕದ ಸಾಲಪತ್ರಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಇಟ್ಟರು. ಸೌದಿ ಅರೇಬಿಯದ ರಿಯಾಲು ೧೯೮೬ರಿಂದ ಡಾಲರಿಗೆ ೩.೭೫ರಂತೆ ಕಟ್ಟಲ್ಪಟ್ಟಿದೆ. ಏಳು ಹಾಲಿಗೆ ಆರು ಕಲದಾರ ಎಂಬ ಲೆಕ್ಕವನ್ನೂ, ಮಿಗುತೆಯ ಹಣವನ್ನು ಕಲದಾರದ ಸಾಲಪತ್ರಗಳಲ್ಲಿಟ್ಟ ಹೈದರಾಬಾದನ್ನೂ ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಇರಾಕು ೨೦೦೦ದಲ್ಲಿ ತನ್ನ ಎಣ್ಣೆಗೆ ಡಾಲರಿನ ಬದಲು ಯೂರೋವನ್ನು ಕೇಳಿತು; ೨೦೦೩ರ ಯುದ್ಧದ ಬಳಿಕ ಮಾರಾಟವು ಡಾಲರಿಗೇ ತಿರುಗಿತು. ಯುದ್ಧಕ್ಕೆ ಇದೇ ಕಾರಣವೆಂದು ಹೇಳುವುದು ಸಾಹಸವಾದೀತು. ಆದರೆ ಸೋತವನ ಎಣ್ಣೆಯು ಯಾವ ನಾಣ್ಯಕ್ಕೆ ತಿರುಗಿತೆಂಬುದು ಗಮನಾರ್ಹ.

೬. ಸ್ವದೇಶದ ಪರೀಕ್ಷೆ

ಪರರ ದೋಷವನ್ನು ಹೇಳಿ ನಿಲ್ಲುವುದು ವಿಮರ್ಶೆಯಲ್ಲ. ಭಾರತವು ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಗಿಲಾಗಿ ಹೊರಗಿನಿಂದ ತರಿಸುತ್ತದೆ. ೧೯೯೦ರಲ್ಲಿ ಕುವೈತಿನ ಯುದ್ಧದಿಂದ ಎಣ್ಣೆಯ ಬೆಲೆ ಏರಿತು; ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ಕಳುಹಿಸುವ ಹಣ ಕಡಮೆಯಾಯಿತು. ಮೊದಲೇ ಬೆಳೆದಿದ್ದ ಸಾಲಕ್ಕೆ ಇದೂ ಸೇರಿ, ೧೯೯೧ರ ಮಧ್ಯದಲ್ಲಿ ವಿದೇಶಿ ಹಣವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿಯಿತು. ಆಗ ೨೦ ಟನ್ನು ಚಿನ್ನವನ್ನು ಮಾರಿದುದಲ್ಲದೆ, ಸುಮಾರು ೪೭ ಟನ್ನುಗಳನ್ನು ಇಂಗ್ಲೆಂಡು ಜಪಾನುಗಳ ಬ್ಯಾಂಕುಗಳಲ್ಲಿ ಒತ್ತೆಯಿಟ್ಟು, ೪೦ ಕೋಟಿಗಿಂತ ತುಸು ಹೆಚ್ಚು ಡಾಲರುಗಳನ್ನು ಪಡೆಯಬೇಕಾಯಿತು. ರೂಪಾಯಿನ ಮೇಲೆ ಅಶೋಕನ ಸಿಂಹಮುದ್ರೆಯು ಇದ್ದೇ ಇದ್ದಿತು. ಅದು ನಾಡಿನೊಳಗೆ ಎಲ್ಲಿಯೂ ತಿರಸ್ಕೃತವಾಗಲಿಲ್ಲ. ಆದರೆ ಎಣ್ಣೆಯ ಬಾಗಿಲಲ್ಲಿ ಕೋಶಪ್ರವೇಶ್ಯವಾಗಲಿಲ್ಲ.

ಇದರಿಂದ ಕಲಿತ ಪಾಠಗಳು ಎರಡು ಬಗೆಯವು. ಒಂದು, ವಸ್ತುವನ್ನೇ ಕೋಶವಾಗಿಡುವುದು. ದೀರ್ಘಕಾಲದ ಆಪತ್ತನ್ನು ತಾಳಿಕೊಳ್ಳುವಂತಿರಬೇಕೆಂಬುದು ಕೌಟಿಲ್ಯನು ಹೇಳುವ ಕೋಶಗುಣಗಳಲ್ಲಿ ಒಂದು. ಮಂಗಳೂರಿನಲ್ಲಿ ೧೫ ಲಕ್ಷ ಟನ್ನು, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ೨೫ ಲಕ್ಷ ಟನ್ನು ಕಚ್ಚಾ ಎಣ್ಣೆಯನ್ನು ನೆಲದಡಿಯ ಬಂಡೆಯ ಗುಹೆಗಳಲ್ಲಿ ತುಂಬಿಡಲು ಏರ್ಪಾಡಾಗಿದೆ. ಕನ್ನಡನಾಡಿನ ಕರಾವಳಿಯು ಹೀಗೆ ಭಾರತದ ಒಂದು ಕೋಶಗೃಹವಾಗಿದೆ. ಆದರೆ ಮಂಗಳೂರಿನ ಗುಹೆಗಳಲ್ಲಿ ಅರ್ಧದಷ್ಟರಲ್ಲಿ ಅಬುಧಾಬಿಯ ಎಣ್ಣೆಸಂಸ್ಥೆಯು ತನ್ನ ಎಣ್ಣೆಯನ್ನಿಡುವಂತೆ ಒಪ್ಪಂದವಾಗಿ, ೨೦೧೮ರಿಂದ ಅದು ಬರತೊಡಗಿತು; ಆಪತ್ಕಾಲದಲ್ಲಿ ಭಾರತಕ್ಕೆ ಮೊದಲ ಹಕ್ಕು. ಕೋಶಗೃಹವು ಸ್ವಂತದ್ದು, ಒಳಗಿನ ದ್ರವ್ಯದಲ್ಲಿ ಒಂದು ಪಾಲು ಮಿತ್ರನದು. ಸಪ್ತಾಂಗಗಳಲ್ಲಿ ಮಿತ್ರನನ್ನೂ ಎಣಿಸಿದವರಿಗೆ ಇದು ಅಸಂಗತವಾಗಿ ತೋರದಿದ್ದರೂ ಕೋಶವೂ ಮಿತ್ರನೂ ಒಂದೇ ಅಲ್ಲವೆಂಬುದನ್ನು ಮರೆಯಲಾಗದು.

ಎರಡನೆಯದು, ರೂಪಾಯಿಯನ್ನೇ ಹೊರಗೆ ನಡೆಯಿಸುವುದು. ೨೦೨೨ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ವಿದೇಶ ವ್ಯಾಪಾರವನ್ನು ರೂಪಾಯಿನಲ್ಲಿ ತೀರಿಸುವ ಕ್ರಮವನ್ನು ಪ್ರಕಟಿಸಿತು. ೨೦೨೩ರ ಆಗಸ್ಟಿನಲ್ಲಿ ಅಬುಧಾಬಿಯಿಂದ ಕೊಂಡ ಹತ್ತು ಲಕ್ಷ ಪೀಪಾಯಿ ಎಣ್ಣೆಗೆ ರೂಪಾಯಿನಲ್ಲಿ ಹಣ ಸಂದಾಯವಾಯಿತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ರಷ್ಯದ ವಿದೇಶಾಂಗ ಮಂತ್ರಿಯು, ಭಾರತದ ಬ್ಯಾಂಕುಗಳಲ್ಲಿ ತಮ್ಮ ದೇಶದ ರೂಪಾಯಿ ಬಹಳವಾಗಿ ಸೇರಿದ್ದು ಅದನ್ನು ಬಳಸುವುದೇ ಸಮಸ್ಯೆಯಾಗಿದೆಯೆಂದು ಹೇಳಿದ್ದನು. ಈ ಒಂದು ಮಾತಿನಲ್ಲಿ ನಾಣ್ಯದ ತತ್ತ್ವವೆಲ್ಲವೂ ಅಡಗಿದೆ. ನಾಣ್ಯವನ್ನು ಪಡೆದವನು ಅದರಿಂದ ತನಗೆ ಬೇಕಾದುದನ್ನು ಕೊಳ್ಳಲು ಶಕ್ತನಾಗಿರಬೇಕು. ಇಲ್ಲದಿದ್ದರೆ ಆ ನಾಣ್ಯವು ಎಷ್ಟೇ ಶುದ್ಧವಾಗಿದ್ದರೂ ಅವನ ಪಾಲಿಗೆ ಬರಿಯ ಗುರುತು.

೭. ಶಂಕೆ, ಸಮಾಧಾನ, ಉಪಸಂಹಾರ

ಇಲ್ಲಿ ಎರಡು ಶಂಕೆಗಳು ಏಳಬಹುದು. ಹಾಗಾದರೆ ಸ್ವಂತ ನಾಣ್ಯವು ನಿಷ್ಪ್ರಯೋಜಕವೋ ಎಂಬುದು ಒಂದು. ಅಲ್ಲ. ಕಂದಾಯವನ್ನು ಗೊತ್ತುಮಾಡುವುದು, ಬರಗಾಲದಲ್ಲಿ ಜನರಿಗೆ ಸಾಲ ಕೊಡುವುದು, ಕೆಲಸಗಳನ್ನು ಹೂಡುವುದು, ಇವೆಲ್ಲಕ್ಕೂ ಸ್ವಂತ ನಾಣ್ಯದ ಸ್ವಾತಂತ್ರ್ಯ ಬೇಕು. ೧೮೮೧ರ ಮೈಸೂರಿಗೆ ಇಂಗ್ಲಿಷರು ಹಾಕಿದ ಷರತ್ತೇ ಇದಕ್ಕೆ ಸಾಕ್ಷಿ; ಬೆಲೆಯಿಲ್ಲದ ವಸ್ತುವನ್ನು ಯಾರೂ ನಿಷೇಧಿಸುವುದಿಲ್ಲ. ಟಂಕಸ್ವಾಮ್ಯವು ಪ್ರಭುತ್ವಕ್ಕೆ ಸಹಕಾರಿ ಕಾರಣ, ಲಕ್ಷಣವಲ್ಲ ಎಂಬಷ್ಟೇ ಇಲ್ಲಿಯ ಅಭಿಪ್ರಾಯ.

ಕೊನೆಯ ಬಾಗಿಲಿನ ನಾಣ್ಯವುಳ್ಳವನೇ ಪ್ರಭುವಾದರೆ ಇಂದು ಜಗತ್ತಿನಲ್ಲಿ ಒಂದೇ ಪ್ರಭುತ್ವವುಂಟೆಂದು ಹೇಳಬೇಕಾಗುವುದಿಲ್ಲವೇ ಎಂಬುದು ಇನ್ನೊಂದು. ಇದಕ್ಕೆ ಸಮಾಧಾನವೇನೆಂದರೆ, ಪ್ರಭುತ್ವವು ಇದೆ ಅಥವಾ ಇಲ್ಲವೆಂದು ಎರಡಾಗಿ ಒಡೆಯತಕ್ಕ ವಸ್ತುವಲ್ಲ; ಅದರಲ್ಲಿ ತಾರತಮ್ಯವುಂಟು. ಜಪಾನಿನಲ್ಲಿ ಎಣ್ಣೆಯಿಲ್ಲ, ಆದರೆ ಅಲ್ಲಿಯ ಜನರು ಮಾಡಿದ ವಸ್ತುಗಳು ಎಲ್ಲರಿಗೂ ಬೇಕಾದುದರಿಂದ ಅವರ ಯೆನ್ನನ್ನು ಪರರೂ ಇಟ್ಟುಕೊಳ್ಳುತ್ತಾರೆ. ಎಣ್ಣೆಯಿಲ್ಲದವನು ಪರಾಧೀನನಾಗಲೇಬೇಕೆಂದಿಲ್ಲ, ಎಣ್ಣೆಯುಳ್ಳವನು ಸ್ವಾಧೀನನಾಗಿಯೇ ಇರುವನೆಂದೂ ಇಲ್ಲ. ಆದುದರಿಂದ ಲಕ್ಷಣವನ್ನು ಹೀಗೆ ಹೇಳುವುದು ಯುಕ್ತ: ತನಗೆ ಅಪರಿಹಾರ್ಯವಾದ ವಸ್ತುವಿನ ಬೆಲೆಯನ್ನು ತನ್ನ ನಾಣ್ಯದಿಂದ ತೀರಿಸಬಲ್ಲ ಶಕ್ತಿ ಯಾವ ಪ್ರಮಾಣದಲ್ಲಿರುವುದೋ ಆ ಪ್ರಮಾಣದಲ್ಲಿ ಒಂದು ರಾಜ್ಯವು ಸ್ವತಂತ್ರ. ಆ ಶಕ್ತಿಗೆ ಮೂಲವು ಮುದ್ರೆಯಲ್ಲ, ಗಣಿಯೊಂದೇ ಅಲ್ಲ. ಪರರಿಗೂ ಬೇಕೆನಿಸುವಂತಹುದನ್ನು ಆ ನಾಡು ಉತ್ಪತ್ತಿಮಾಡುವುದೇ ಮೂಲ.

ಮುನಿರಾಬಾದೇ ಇದಕ್ಕೆ ಕಡೆಯ ನಿದರ್ಶನವಾಗಿದೆ. ೧೯೪೫ರ ಫೆಬ್ರುವರಿ ೨೮ರಂದು ತುಂಗಭದ್ರೆಯ ಅಣೆಕಟ್ಟಿಗೆ ಅಸ್ತಿಭಾರವನ್ನು ಹಾಕಿದಾಗ ಎಡದಡವು ಹೈದರಾಬಾದಿನದು, ಬಲದಡವು ಮದರಾಸಿನದು. ಒಂದು ಕಡೆ ಹಾಲಿ, ಇನ್ನೊಂದು ಕಡೆ ಕಲದಾರ. ೧೯೫೩ರಲ್ಲಿ ಕಟ್ಟಡವು ಮುಗಿಯುವ ಹೊತ್ತಿಗೆ ಹೈದರಾಬಾದು ಭಾರತದೊಳಗಿನ ರಾಜ್ಯವಾಗಿದ್ದಿತು; ೧೯೫೬ರಲ್ಲಿ ಈ ಸೀಮೆಯು ಕನ್ನಡ ರಾಜ್ಯವನ್ನು ಸೇರಿತು. ಎರಡು ನಾಣ್ಯಗಳ ಎಲ್ಲೆಯು ಅಳಿಯಿತು. ನಡುವೆ ಕಟ್ಟಿದ ಕಟ್ಟೆಯು ಉಳಿಯಿತು. ಅದರ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ಸೀಮೆಯು ಬತ್ತದ ನಾಡಾಯಿತು. ಅಲ್ಲಿಯ ಗದ್ದೆಯಲ್ಲಿ ಓಡುವ ಯಂತ್ರದ ಡೀಸೆಲಿನ ಮೂಲವು ಬಹುಮಟ್ಟಿಗೆ ಪರದೇಶದ್ದೆಂಬುದೂ, ಗದ್ದೆಗೆ ಹಾಕುವ ಯೂರಿಯಾಕ್ಕೆ ಬೇಕಾದ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುವುದೆಂಬುದೂ ನಿಜ. ಆದರೆ ನೀರೂ ನೆಲವೂ ದುಡಿಮೆಯೂ ಇಲ್ಲಿಯವು.

೨೦೨೪ರ ಆಗಸ್ಟು ೧೦ರ ರಾತ್ರಿ ಆ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ್ದ ನೀರು ದಿವಸಗಟ್ಟಲೆ ಹರಿದುಹೋಯಿತು. ಸಂಗ್ರಹಿಸಿದರೆ ಸಾಲದು, ಕಾಯಬೇಕು ಎಂಬುದು ಕೋಶಪ್ರಕರಣದ ಸಾರ. ಅದು ಚಿನ್ನಕ್ಕೂ ಎಣ್ಣೆಗೂ ಸಲ್ಲುವಂತೆ ನೀರಿಗೂ ಸಲ್ಲುತ್ತದೆ. ನಾಣ್ಯದ ಮೇಲಿನ ಹೆಸರನ್ನು ನೋಡಿ ತೃಪ್ತಿಪಡುವ ರಾಜ್ಯವು ೧೮೫೮ರ ನಿಜಾಮನ ಸ್ಥಿತಿಯಲ್ಲಿರುವುದು. ಬಾಗಿಲಿನ ಸರಪಳಿಯನ್ನು ನೋಡಿಕೊಳ್ಳುವ ರಾಜ್ಯವು ಸ್ವಾತಂತ್ರ್ಯದ ದಾರಿಯಲ್ಲಿರುವುದು.